ಒಂದು ಮೂಲೆ ಉದ್ದದ ನಕ್ಷತ್ರ

ಮೂರು ವರ್ಷದ ಹಿಂದಿನ ಮಾತು. ಡಿಸೆಂಬರ್ ಮೂರನೇ ವಾರ, ರಾತ್ರಿ ಹನ್ನೊಂದರ ಹೊತ್ತಿಗೆ ಬರಬಾರದ ಮಳೆ ಬಂತು. ಅಂಗಳದಲ್ಲಿ ಅಡಿಕೆ ಹರವಿದ್ದರೆ ಹಂಚಿನ ಮೇಲೆ ಬಿದ್ದ ಮೊದಲ ಹನಿ ನಿದ್ದೆಯಲ್ಲೂ ಕೇಳಿಸುತ್ತದೆ. ಕಾಸರಗೋಡು ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚಾಲಿ ಅಡಿಕೆ 40–45 ದಿನ ಬಿಸಿಲಲ್ಲಿ ಒಣಗಬೇಕು. ನಡುವೆ ಒಮ್ಮೆ ನೆನೆದರೆ ಬೂಸ್ಟು ಹಿಡಿಯಿತು, ರೇಟು ಬಿತ್ತು ಅಂತಲೇ ಲೆಕ್ಕ. ನಾನು, ಹೆಂಡತಿ, ಮಗಳು ಮೂವರೂ ಟರ್ಪಾಲು ಎಳೆದುಕೊಂಡು ಅಂಗಳದ ತುಂಬ ಓಡಿದೆವು. ಅಡಿಕೆ ಉಳಿಯಿತು. ಜಗಲಿಯ ತುದಿಯಲ್ಲಿ ನೇತುಹಾಕಿದ್ದ ಕ್ರಿಸ್ಮಸ್ಸಿನ ಪ್ಲಾಸ್ಟಿಕ್ ನಕ್ಷತ್ರ ಮಾತ್ರ ಯಾರಿಗೂ ನೆನಪಾಗಲಿಲ್ಲ. ಬೆಳಿಗ್ಗೆ ನೋಡಿದರೆ ಅದರ ಹೊಟ್ಟೆಯಲ್ಲಿ ಅರ್ಧ ಚೊಂಬು ನೀರು. ಎಲ್‌ಇಡಿ ಸತ್ತಿತ್ತು. ತಂದು ಐದು ದಿನವೂ ಆಗಿರಲಿಲ್ಲ. ವಾಪಸ್ ತೆಗೆದುಕೊಂಡು ಹೋದರೆ ಅಂಗಡಿಯವನು ನಕ್ಕ. ಇಂಥದ್ದಕ್ಕೆಲ್ಲ ಗ್ಯಾರಂಟಿ ಇಲ್ಲವಂತೆ.

ಆ ಭಾನುವಾರ ಮಗಳು ಕೇಳಿದಳು. "ಪಪ್ಪಾ, ಅಜ್ಜ ಮೊದಲು ಮನೆಯಲ್ಲೇ ನಕ್ಷತ್ರ ಮಾಡ್ತಿದ್ರಂತಲ್ಲ. ನೀವು ಮಾಡಿ ನೋಡುವ."

"ನನಗೆಲ್ಲಿ ಪುರ್ಸೊತ್ತು?" ಅಂದೆ.

ಹೀಗೆ ಹೇಳುವಾಗ ನಾನು ಈಸಿಚೇರಿನಲ್ಲಿ ಕಾಲು ಚಾಚಿ ಮಲಗಿದ್ದೆ. ಕೈಯಲ್ಲಿ ಮೊಬೈಲು. ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಪೂಜೆ ಮುಗಿಸಿ ಬಂದು ಒಂದೂವರೆ ಗಂಟೆಯಿಂದ ಯಾರೋ ಯಾವುದೋ ಊರಲ್ಲಿ ಮರದ ದಿಮ್ಮಿಯಿಂದ ಮೇಜು ಮಾಡುವ ವಿಡಿಯೋ ನೋಡುತ್ತಿದ್ದೆ. ಮಗಳು ಏನೂ ಹೇಳಲಿಲ್ಲ. ನನ್ನ ಮುಖ ನೋಡಿದಳು, ಮೊಬೈಲು ನೋಡಿದಳು, ಒಳಗೆ ಹೋದಳು. ಹದಿಮೂರು ವರ್ಷದ ಮಕ್ಕಳು ಬೈಯದೆಯೇ ಬೈಯುವುದನ್ನು ಎಲ್ಲಿ ಕಲಿಯುತ್ತಾರೋ.

ಸರಿ ಅಂತ ಎದ್ದೆ.

ನಕ್ಷತ್ರ ಮಾಡುವುದು ನೋಡಲಿಕ್ಕೆ ಸುಲಭ. ಬಿದ್ದ ಅಡಿಕೆ ಮರವನ್ನು ಸೀಳಿ, ಎರಡೂವರೆ ಅಡಿ ಉದ್ದದ ಹತ್ತು ಸೀಳು ಮಾಡಬೇಕು. ಕೈ ಎತ್ತದೆ ಪೆನ್ನಿನಲ್ಲಿ ನಕ್ಷತ್ರ ಬರೆಯುತ್ತೇವಲ್ಲ, ಹಾಗೆಯೇ ಐದು ಸೀಳನ್ನು ಒಂದರ ಮೇಲೊಂದು ಇಟ್ಟು ಐದು ತುದಿ ಕಟ್ಟಬೇಕು. ಇಂಥವು ಎರಡು. ಎರಡನ್ನೂ ಜೋಡಿಸಿ ತುದಿಗೆ ತುದಿ ಮತ್ತೆ ಕಟ್ಟಬೇಕು. ಇಷ್ಟಾದಾಗ ಅದು ಚಪ್ಪಟೆ, ಅದರಲ್ಲಿ ಜೀವ ಇರುವುದಿಲ್ಲ. ಆಮೇಲೆ ನಡುವೆ ಸೀಳುಗಳು ಒಂದನ್ನೊಂದು ದಾಟುವ ಐದು ಕಡೆ ಗೇಣುದ್ದದ ಕಡ್ಡಿ ಅಡ್ಡ ಸಿಕ್ಕಿಸಿದರೆ ಇಡೀ ನಕ್ಷತ್ರ ಉಸಿರು ಎಳೆದುಕೊಂಡ ಹಾಗೆ ಉಬ್ಬಿ ನಿಲ್ಲುತ್ತದೆ. ಮೇಲೆ ಗಾಳಿಪಟದ ಕಾಗದ, ಮೈದಾ ಬೇಯಿಸಿದ ಅಂಟು. ಹಿಂದುಗಡೆ ಒಂದು ಕಡೆ ಕಾಗದ ಹಚ್ಚದೆ ಬಿಡಬೇಕು, ಬಲ್ಬು ಒಳಗೆ ಹೋಗಬೇಕಲ್ಲ.

ನನ್ನದು ಮೂರು ಸಲ ಬಿಚ್ಚಿಕೊಂಡಿತು. ಅಡಿಕೆ ಸೀಳಿನ ನಾರು ಬೆರಳಿಗೆ ಹೊಕ್ಕಿತು, ಸೂಜಿಯಲ್ಲಿ ತೆಗೆಯುವಾಗ ಹೆಂಡತಿ "ವರ್ಷಕ್ಕೊಂದು ಕೆಲಸ, ಅದೂ ಆಸ್ಪತ್ರೆ ಕೆಲಸ" ಅಂದಳು. ಅಪ್ಪ ಜಗಲಿಯಲ್ಲಿ ಕೂತು ನೋಡುತ್ತಿದ್ದರು. ಅವರಿಗೆ ಆಗ 81. ಕೈ ನಡುಗುತ್ತದೆ, ಕತ್ತಿ ಹಿಡಿಯಲು ಆಗುವುದಿಲ್ಲ, ಬಾಯಿಗೇನೂ ತೊಂದರೆ ಇಲ್ಲ. "ನೂಲು ಸಾಲದು, ತಂತಿ ಸುತ್ತು." "ಅಷ್ಟು ಬಿಗಿ ಬೇಡ, ಬಿಗಿ ಮಾಡಿದರೆ ಉಬ್ಬುವುದು ಹೇಗೆ?" ಮನೆಯಲ್ಲಿ ನಾವು ಆಡುವುದು ಕೊಂಕಣಿ. ಅಪ್ಪ ಹೇಳಿದ್ದನ್ನು ಕನ್ನಡ ಮಾಡಿ ಬರೆಯುತ್ತಿದ್ದೇನೆ, ಕೊಂಕಣಿಯಲ್ಲಿ ಅದು ಇಷ್ಟು ಮೆತ್ತಗೆ ಇರಲಿಲ್ಲ.

ಕತ್ತಲಾಗುವ ಹೊತ್ತಿಗೆ ನಕ್ಷತ್ರ ತಯಾರಾಯಿತು. ಒಂದು ಮೂಲೆ ಉಳಿದ ನಾಲ್ಕಕ್ಕಿಂತ ಮೂರು ಬೆರಳು ಉದ್ದ. ಎಲ್ಲಿ ತಪ್ಪಿತು ಅಂತ ಇವತ್ತಿಗೂ ಗೊತ್ತಿಲ್ಲ. ಅಪ್ಪ ಕುತ್ತಿಗೆ ಓರೆ ಮಾಡಿ ನೋಡಿದರು. "ಅಡ್ಡಿಲ್ಲ. ನಕ್ಷತ್ರ ಅಂತ ಗೊತ್ತಾಗ್ತದೆ" ಅಂದರು. ಮರುದಿನ ಬೆಳಿಗ್ಗೆ ಬೇಲಿಯಾಚೆಯ ನೆರೆಯವರು ಹಾಲು ಕೊಡಲು ಬಂದವರು ತಲೆಯೆತ್ತಿ ನೋಡಿದರು. ಅವರು ತುಳು ಮಾತಾಡುವವರು. ತುಳುವಿನಲ್ಲಿ ಕ್ರೈಸ್ತ ಗಂಡಸರನ್ನು ಪೊರ್ಬುಲೆ ಅಂತ ಕರೆಯುವ ರೂಢಿ. "ಪೊರ್ಬುಲೆ, ನಿಮ್ಮ ನಕ್ಷತ್ರ ನಮ್ಮ ಮನೆಗೆ ಬೊಟ್ಟು ಮಾಡಿ ತೋರಿಸ್ತಾ ಉಂಟಲ್ಲ, ನಮ್ಮ ಹಟ್ಟಿಯಲ್ಲೇನಾದರೂ ಮಗು ಹುಟ್ಟಿದೆಯಾ?" ಅಂದರು. ನಾನು ಅವರಷ್ಟು ನಗಲಿಲ್ಲ. ಆದರೆ ಒಂದು ಸಂಗತಿ ನಿಜ. ಆ ರಾತ್ರಿ ಎರಡು ಸಲ ಎದ್ದು ಹೊರಗೆ ಬಂದು ಅದನ್ನು ನೋಡಿದ್ದೆ. ಅಂಗಡಿಯಿಂದ ತಂದದ್ದನ್ನು ಯಾವತ್ತೂ ಹಾಗೆ ನೋಡಿರಲಿಲ್ಲ.

ಆಗ ನನಗೆ 45 ವರ್ಷ. ಮೂವತ್ತು ವರ್ಷದಿಂದ ಕೈಯಲ್ಲಿ ಏನನ್ನೂ ಮಾಡಿರಲಿಲ್ಲ ಅನ್ನುವುದು ಅವತ್ತೇ ಗೊತ್ತಾದದ್ದು. ಗುಮಾಸ್ತನ ಕೆಲಸ, ಅರ್ಧ ಎಕರೆ ತೋಟ, ಅಡಿಕೆ ಸುಲಿಯುವುದು, ಫಾರಂ ತುಂಬುವುದು, ಇದೆಲ್ಲ ಮಾಡಿದ್ದೇನೆ. ಇಲ್ಲದ ಒಂದನ್ನು ಇರುವ ಹಾಗೆ ಮಾಡುವ ಕೆಲಸ ಮಾತ್ರ ಮಾಡಿರಲಿಲ್ಲ.

ಚಿಕ್ಕವನಿದ್ದಾಗ ಹಾಗಿರಲಿಲ್ಲ. ಚಿತ್ರ ಬಿಡಿಸುವ ಹುಚ್ಚಿತ್ತು. ಏಳನೇ ಕ್ಲಾಸಿನಲ್ಲಿ ಲೆಕ್ಕದ ಪುಸ್ತಕದ ಅಂಚಿನಲ್ಲಿ ಒಬ್ಬ ಮಾಸ್ಟ್ರ ಚಿತ್ರ ಬಿಡಿಸಿದ್ದೆ, ಮೂಗು ಸ್ವಲ್ಪ ಜಾಸ್ತಿಯಾಗಿತ್ತು. ಅವರು ಪುಸ್ತಕ ಎತ್ತಿ ಇಡೀ ಕ್ಲಾಸಿಗೆ ತೋರಿಸಿದರು. ಹೊಡೆಯಲಿಲ್ಲ. "ರವಿವರ್ಮ ಬಂದಿದ್ದಾನೆ, ಎಲ್ಲರೂ ಎದ್ದು ನಿಲ್ಲಿ" ಅಂದರು. ಎಲ್ಲರೂ ಎದ್ದು ನಿಂತರು, ನಕ್ಕರು. ಹೊಡೆದಿದ್ದರೆ ಮರೆತುಬಿಡುತ್ತಿದ್ದೆನೇನೋ. ಆಮೇಲೆ ಬಿಡಿಸುವುದು ನಿಂತೇ ಹೋಯಿತು. ಮಾಸ್ಟ್ರ ತಪ್ಪು ಅಂತ ಹೇಳುತ್ತಾ ಮೂವತ್ತು ವರ್ಷ ಕಳೆಯಬಹುದು, ಕಳೆದೂ ಆಯಿತು. ಅವರು ತಮಾಷೆ ಮಾಡಿದ್ದು ಒಂದು ನಿಮಿಷ. ಉಳಿದ ವರ್ಷಗಳೆಲ್ಲ ನನ್ನ ಲೆಕ್ಕಕ್ಕೇ.

ಬೈಬಲಿನಲ್ಲಿ ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದಲ್ಲಿ ಬರುವ ತಲಾಂತುಗಳ ಸಾಮತಿಯನ್ನು, ಅಂದರೆ ದೃಷ್ಟಾಂತ ಕಥೆಯನ್ನು, ಇಗರ್ಜಿಗೆ ಹೋಗುವ ಯಾರೂ ಕೇಳದೆ ಇರಲಾರರು. ಯಜಮಾನ ಪರವೂರಿಗೆ ಹೋಗುವಾಗ ಮೂವರು ಆಳುಗಳಿಗೆ ಐದು, ಎರಡು, ಒಂದು ತಲಾಂತು ಕೊಟ್ಟು ಹೋಗುತ್ತಾನೆ. ಮೊದಲ ಇಬ್ಬರು ದುಪ್ಪಟ್ಟು ಮಾಡುತ್ತಾರೆ. ಮೂರನೆಯವನು ನೆಲ ಅಗೆದು ಹೂತಿಡುತ್ತಾನೆ. ಅವನನ್ನು ನಾನು ಯಾವಾಗಲೂ ಸೋಮಾರಿ ಅಂತಲೇ ಅಂದುಕೊಂಡಿದ್ದೆ. ಯಜಮಾನನೂ ಹಾಗೇ ಬೈಯುತ್ತಾನೆ. ಆದರೆ ಆಳು ತಾನೇ ಹೇಳುವ ಕಾರಣ ಬೇರೆ. "ನನಗೆ ಹೆದರಿಕೆಯಾಯಿತು, ಹೋಗಿ ನೆಲದಲ್ಲಿ ಬಚ್ಚಿಟ್ಟೆ" ಅನ್ನುತ್ತಾನೆ. ಅವನು ಕುಡಿದು ಹಾಳು ಮಾಡಲಿಲ್ಲ. ಕದಿಯಲಿಲ್ಲ. ಕೊಟ್ಟದ್ದನ್ನು ಒಂದು ಕಾಸೂ ಕಮ್ಮಿ ಇಲ್ಲದೆ ವಾಪಸ್ ಕೊಟ್ಟ. ನಮ್ಮ ಸಂಘದಲ್ಲಾಗಿದ್ದರೆ ಆಡಿಟ್‌ನಲ್ಲಿ ಪಾಸಾಗುತ್ತಿದ್ದ.

ಒಂದು ತಲಾಂತು ಅಂದರೆ ಸಣ್ಣ ದುಡ್ಡಲ್ಲ. ಸುಮಾರು 6,000 ದಿನಾರಿ, ದಿನಕ್ಕೊಂದು ದಿನಾರಿ ಕೂಲಿಯ ಆ ಕಾಲದಲ್ಲಿ ಒಬ್ಬ ಆಳಿನ ಇಪ್ಪತ್ತು ವರ್ಷದ ದುಡಿಮೆ. ಹೆದರಿ ಹೂತಿಟ್ಟವನ ಕೈಗೆ ಬಿದ್ದದ್ದು ಇಷ್ಟು. ಈ ಸಾಮತಿಯಿಂದಲೇ ಇಂಗ್ಲಿಷಿನ ಟ್ಯಾಲೆಂಟ್ ಅನ್ನುವ ಪದಕ್ಕೆ ಪ್ರತಿಭೆ ಅನ್ನುವ ಅರ್ಥ ಬಂತು. ಇದರಿಂದ ಒಂದು ತೊಂದರೆಯೂ ಆಗಿದೆ. ಟ್ಯಾಲೆಂಟ್ ಅಂದ ಕೂಡಲೇ ನಮಗೆ ವೇದಿಕೆ, ಮೈಕು, ಬಹುಮಾನ ನೆನಪಿಗೆ ಬರುತ್ತದೆ. ನನಗೆ ಟ್ಯಾಲೆಂಟ್ ಇಲ್ಲ ಅಂತ ಹೇಳಿ ಸುಲಭವಾಗಿ ಪಾರಾಗುತ್ತೇವೆ. ನಾನು ಹೂತಿಟ್ಟ ಗುಂಡಿಯ ಮೇಲೆ 'ಪುರ್ಸೊತ್ತಿಲ್ಲ' ಅಂತ ಬೋರ್ಡು ಹಾಕಿದ್ದೆ. ಒಳಗಿದ್ದದ್ದು ಹೆದರಿಕೆ. ಎಲ್ಲರೂ ಎದ್ದು ನಿಂತು ನಕ್ಕಾರು ಅನ್ನುವ ಅದೇ ಏಳನೇ ಕ್ಲಾಸಿನ ಹೆದರಿಕೆ.

ಹಾಗಾದರೆ ಹೆದರಿಕೆ ಹೋದ ಮೇಲೆ ಶುರು ಮಾಡುವುದಾ? ಇದಕ್ಕೆ ಉತ್ತರ ಸಿಕ್ಕಿದ್ದು ಯಾವ ಧ್ಯಾನಕೂಟದಲ್ಲೂ ಅಲ್ಲ. ನಮ್ಮ ವಾಳೆಯಲ್ಲಿ, ಅಂದರೆ ಇಗರ್ಜಿಯ ನಮ್ಮ ವಾರ್ಡಿನಲ್ಲಿ, ಬಟ್ಟೆ ಹೊಲಿಯುವ ಒಬ್ಬರು ಬಾಯಿ ಇದ್ದಾರೆ. ನಮ್ಮಲ್ಲಿ ಹೆಂಗಸರನ್ನು ಬಾಯಿ ಅಂತ ಕರೆಯುವುದು. ಮಗಳ ಮೊದಲ ಪರಮಪ್ರಸಾದದ ಬಿಳಿ ಫ್ರಾಕನ್ನು ಹೊಲಿದವರು ಅವರೇ. ಒಮ್ಮೆ ಅವರ ಮನೆಗೆ ಹೋದಾಗ ಮೇಜಿನ ಮೇಲೆ ಬಟ್ಟೆ ಹಾಸಿ ಚಾಕ್‌ನಲ್ಲಿ ಗೆರೆ ಹಾಕಿದ್ದರು. ಕತ್ತರಿ ಎತ್ತಿಕೊಂಡರು. ಹಾಗೇ ಇಟ್ಟರು. ಶಿಲುಬೆಯ ಗುರುತು ಮಾಡಿದರು. ಮತ್ತೆ ಕತ್ತರಿ ಎತ್ತಿದರು. ಎಷ್ಟು ಭಕ್ತಿ ಅಂತ ನನಗೆ ಮನಸ್ಸು ತುಂಬಿ ಬಂತು. ಹೇಳಿಯೂ ಬಿಟ್ಟೆ.

"ಭಕ್ತಿ ಎಂತ ಮಾರಾಯ, ಹೆದರಿಕೆ" ಅಂದರು. "ಇದು ಮೀಟರಿಗೆ ಆರುನೂರರ ಬಟ್ಟೆ. ಕತ್ತರಿಸಿದ ಮೇಲೆ ಅಂಟಿಸಲಿಕ್ಕೆ ಬರ್ತದಾ? ಮೂವತ್ತೆಂಟು ವರ್ಷ ಆಯ್ತು, ಇವತ್ತಿಗೂ ಮೊದಲ ಕತ್ತರಿಗೆ ಕೈ ತಣ್ಣಗಾಗ್ತದೆ."

ಹೇಳುತ್ತಲೇ ಕತ್ತರಿಸಿಬಿಟ್ಟರು. ಚಾಕಿನ ಗೆರೆಯ ಮೇಲೆ ಕತ್ತರಿ ಕರ್ರ್ ಅಂತ ಹೋಯಿತು, ನಿಲ್ಲದೆ, ತೋಳಿನ ತಿರುವಿನ ತನಕ. ಅಲ್ಲಿ ನಿಂತು, ಬಟ್ಟೆ ತಿರುಗಿಸಿ, ಮತ್ತೆ ಹೋಯಿತು. ಆ ಆಳಿಗೂ ಈ ಬಾಯಿಗೂ ಹೆದರಿಕೆ ಒಂದೇ. ಒಬ್ಬ ಹಾರೆ ಹಿಡಿದ, ಒಬ್ಬರು ಕತ್ತರಿ ಹಿಡಿದರು.

ಇದಾದ ಮೇಲೆ ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳ ಒಂಬತ್ತನೇ ಅಧ್ಯಾಯ ನನಗೆ ಬೇರೆ ಥರ ಕಾಣಿಸುತ್ತದೆ. ಯೊಪ್ಪ ಅನ್ನುವ ಊರಲ್ಲಿ ತಬಿಥಾ ಎಂಬ ಹೆಂಗಸು ಸಾಯುತ್ತಾಳೆ. ಯೇಸುವಿನ ಶಿಷ್ಯ ಪೇತ್ರ ಬಂದಾಗ ಊರಿನ ವಿಧವೆಯರು ಅಳುತ್ತಾ ಸುತ್ತ ನಿಲ್ಲುತ್ತಾರೆ. ಅವಳ ಗುಣಗಾನ ಮಾಡುವುದಿಲ್ಲ. ಅವಳು ಬದುಕಿದ್ದಾಗ ಹೊಲಿದುಕೊಟ್ಟ ಅಂಗಿ, ಬಟ್ಟೆಗಳನ್ನು ತೋರಿಸುತ್ತಾರೆ. ನೋಡಿ, ಇದು ಅವಳು ಮಾಡಿದ್ದು. ಅಷ್ಟೇ. ಮಾಡಿದವಳು ಹೇಗಿದ್ದಳು ಅನ್ನುವುದಕ್ಕೆ ಆ ಹೊಲಿಗೆಯೇ ಸಾಕ್ಷಿ.

ಕ್ರೈಸ್ತ ನಂಬಿಕೆ ಮತ್ತು ಸೃಜನಶೀಲತೆ ಅಂತ ಯಾರಾದರೂ ಭಾಷಣ ಶುರು ಮಾಡಿದರೆ ಬೆಚಲೇಲನ ಹೆಸರು ಬಂದೇ ಬರುತ್ತದೆ. ತಪ್ಪೇನಿಲ್ಲ. ವಿಮೋಚನಾಕಾಂಡದ 31ನೇ ಅಧ್ಯಾಯದಲ್ಲಿ ದೇವರು ಅವನನ್ನು ಹೆಸರು ಹಿಡಿದು ಕರೆದು, ನನ್ನ ಆತ್ಮವನ್ನು ಅವನಲ್ಲಿ ತುಂಬಿದ್ದೇನೆ ಅನ್ನುತ್ತಾನೆ. ಅವನು ರಾಜನಲ್ಲ, ಯಾಜಕನೂ ಅಲ್ಲ, ಕಸುಬುದಾರ. ಬಂಗಾರ, ಬೆಳ್ಳಿ, ತಾಮ್ರ, ಕಲ್ಲು, ಮರ, ಎಲ್ಲದರಲ್ಲೂ ಕೈಪಳಗಿದವನು. ಓದಲಿಕ್ಕೆ ತುಂಬ ಚೆಂದ. ಆದರೆ ನನಗೆ ಸ್ವಲ್ಪ ದೂರ. ದೇವದರ್ಶನದ ಗುಡಾರ ಮಾಡುವಂಥ ಆರ್ಡರು ನಮಗೆ ಯಾರು ಕೊಡುತ್ತಾರೆ? ಬೆಚಲೇಲನ ಕಥೆ ಕೇಳಿ ಮನೆಗೆ ಬಂದವನು ಅಡುಗೆಮನೆಯ ಮುರಿದ ಸ್ಟೂಲು ನೋಡಿ ಸುಮ್ಮನಾಗುತ್ತಾನೆ.

ನನಗೆ ಹತ್ತಿರದ್ದು ಯೋಹಾನನ ಶುಭಸಂದೇಶದ ಕೊನೆಯ ಅಧ್ಯಾಯ. ಏಳು ಮಂದಿ ಶಿಷ್ಯರು ರಾತ್ರಿಯಿಡೀ ಬಲೆ ಹಾಕಿ ಏನೂ ಸಿಗದೆ ಬೆಳಗಿನ ಜಾವ ದಡಕ್ಕೆ ಬರುತ್ತಿದ್ದಾರೆ. ದಡದಲ್ಲಿ ಯೇಸು. ಅವರ ಮಾತಿನಂತೆ ಬಲೆ ಬೀಸಿದಾಗ 153 ಮೀನು. ಈ ಲೆಕ್ಕ ಎಲ್ಲರಿಗೂ ನೆನಪಿರುತ್ತದೆ. ಇನ್ನೊಂದು ಸಂಗತಿ ನೆನಪಿರುವುದಿಲ್ಲ. ಅವರು ದಡಕ್ಕೆ ಬರುವಾಗಲೇ ಅಲ್ಲಿ ಕೆಂಡ ಮಾಡಿ ಆಗಿತ್ತು. ಮೇಲೆ ಮೀನು ಇಟ್ಟಾಗಿತ್ತು, ಪಕ್ಕದಲ್ಲಿ ರೊಟ್ಟಿ. ಸಾವನ್ನು ಗೆದ್ದು ಬಂದವರು ಬೆಳಿಗ್ಗೆ ಎದ್ದು ಮಾಡಿದ ಕೆಲಸ, ಹಸಿದವರಿಗೆ ತಿಂಡಿ. ಕುಂಬಳೆಯ ಕಡಪ್ಪುರದಲ್ಲಿ, ಅಂದರೆ ಕಡಲ ದಡದಲ್ಲಿ, ಬೆಳಗಿನ ಹೊತ್ತು ದೋಣಿ ಎಳೆಯುವುದನ್ನು ನೋಡಿದವನು ನಾನು. ಉಪ್ಪುನೀರಲ್ಲಿ ಮರಗಟ್ಟಿದ ಕೈಗೆ ಕೆಂಡದ ಬಿಸಿ ಅಂದರೆ ಏನು ಅಂತ ಗೊತ್ತು. ಕೆಂಡ ಸುಮ್ನೆ ಆಗುವುದಿಲ್ಲ. ಕಡ್ಡಿ ಹೆಕ್ಕಬೇಕು, ಊದಬೇಕು, ಉರಿ ಇಳಿಯುವ ತನಕ ಕಾಯಬೇಕು. ಯಾರೂ ಇಲ್ಲದ ದಡದಲ್ಲಿ ಅವರೊಬ್ಬರೇ ಕೂತು ಕಾದಿರಬೇಕು.

ನಮ್ಮ ಮನೆಯ ಅಡುಗೆಯನ್ನು ನಾನು ಸೃಜನಶೀಲತೆಯ ಲೆಕ್ಕಕ್ಕೆ ಸೇರಿಸಿಯೇ ಇರಲಿಲ್ಲ, ಹೆಂಡತಿಗೆ ಇದನ್ನು ಹೇಳಿದ್ದೇ ತಪ್ಪಾಯಿತು. "ಇಪ್ಪತ್ತು ವರ್ಷದ ಮೇಲೆ ಗೊತ್ತಾಯ್ತಾ" ಅಂದಳು. ಉಳಿದ ಸೌತೆಕಾಯಿ ಸಾಂಬಾರಿಗೆ ಒಣಸಿಗಡಿ ಹಾಕಿ ರಾತ್ರಿಗೆ ಹೊಸ ಪದಾರ್ಥ ಮಾಡುವವಳ ಮುಂದೆ ಒಂದು ಓರೆ ನಕ್ಷತ್ರ ಕಟ್ಟಿದವನು ಉಪದೇಶ ಮಾಡಬಾರದು.

ನಕ್ಷತ್ರದ ನಂತರ ಜನವರಿಯಲ್ಲಿ ಒಂದು ಅಭ್ಯಾಸ ಶುರು ಮಾಡಿದೆ. ರಾತ್ರಿ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಮುಗಿದ ಮೇಲೆ ಊಟದ ಮೇಜಿನ ಮೇಲೆ ಇಪ್ಪತ್ತು ನಿಮಿಷ. ಹಳೇ ಡೈರಿಯೊಂದು ಖಾಲಿ ಬಿದ್ದಿತ್ತು. ದಿನಕ್ಕೊಂದು ಪುಟ, ಮನೆಯೊಳಗಿನ ಒಂದು ವಸ್ತುವಿನ ಚಿತ್ರ. ಮೊದಲಿಗೆ ಮೆಟ್ಟುಕತ್ತಿ. ಹುಟ್ಟಿದಾಗಿನಿಂದ ಕಂಡ ವಸ್ತು, ಕಣ್ಣುಮುಚ್ಚಿ ಬಿಡಿಸುತ್ತೇನೆ ಅಂದುಕೊಂಡೆ. ಬಿಡಿಸಿದ್ದನ್ನು ಮಗಳ ಅಮ್ಮನಿಗೆ ತೋರಿಸಿದರೆ "ಕೊಕ್ಕರೆಯಾ?" ಅಂದಳು.

ಮರುದಿನ ಮೆಟ್ಟುಕತ್ತಿಯನ್ನೇ ಮೇಜಿನ ಮೇಲೆ ಇಟ್ಟುಕೊಂಡೆ. ನೋಡಿದರೆ ಅಲಗು ನಾನು ತಿಳಿದ ಹಾಗೆ ಬಿಲ್ಲಿನಂತೆ ಬಾಗಿಲ್ಲ. ಬುಡದಲ್ಲಿ ನೆಟ್ಟಗೆ ಏಳುತ್ತದೆ, ಮುಕ್ಕಾಲು ಭಾಗ ಹೋದ ಮೇಲೆ ಒಮ್ಮೆಲೇ ಮುಂದೆ ಬಾಗುತ್ತದೆ. ನಡುವೆ ಒಂದು ಕಡೆ ಸವೆದು ತಗ್ಗಾಗಿದೆ. ಅಮ್ಮ ನಲವತ್ತು ವರ್ಷ ಅಲ್ಲೇ ತರಕಾರಿ ಹೆಚ್ಚಿದ್ದು, ಅದರ ಮೊದಲು ಅಜ್ಜಿ. ಮಣೆಯ ಮೇಲೆ ಕಾಲಿಡುವ ಜಾಗ ಬೇರೆ ಬಣ್ಣಕ್ಕೆ ತಿರುಗಿದೆ. ಆರು ದಿನ ಅದನ್ನೇ ಬಿಡಿಸಿದೆ. ಆರನೇ ದಿನದ್ದೂ ಚೆನ್ನಾಗಿ ಬಂದಿಲ್ಲ. ಆದರೆ ಕೊಕ್ಕರೆ ಅಂತ ಯಾರೂ ಹೇಳಲಾರರು.

ಆದಿಕಾಂಡದಲ್ಲಿ ನನಗೆ ತುಂಬ ಇಷ್ಟವಾದ ಒಂದು ಸಾಲು ಇದೆ. ದೇವರು ಪ್ರಾಣಿ ಪಕ್ಷಿಗಳನ್ನೆಲ್ಲ ಮಾಡಿ ಆದಾಮನ ಬಳಿ ತರುತ್ತಾನೆ. ಯಾಕೆ? ಇವನು ಏನು ಹೆಸರಿಡುತ್ತಾನೆ ನೋಡುವ ಅಂತ. ಎಲ್ಲ ಗೊತ್ತಿರುವ ದೇವರು ಮನುಷ್ಯನ ಬಾಯಿಂದ ಏನು ಬರುತ್ತದೆ ಅಂತ ಕಾದು ನಿಂತದ್ದು. ಹೆಸರು ಸರಿಯಿದೆ ತಪ್ಪಿದೆ ಅಂತ ತಿದ್ದಿದ ಸುದ್ದಿ ಇಲ್ಲ, ಆದಾಮ ಇಟ್ಟದ್ದೇ ಹೆಸರಾಯಿತು. ಕಾಸರಗೋಡಿನಲ್ಲಿ ಹುಟ್ಟಿದವರಿಗೆ ಈ ಸಾಲು ವಿಶೇಷವಾಗಿ ಅರ್ಥವಾಗಬೇಕು. ನಮ್ಮಲ್ಲಿ ಒಂದು ಹಲಸಿನ ಹಣ್ಣು ರಸ್ತೆಯಲ್ಲಿ ಹೋದರೆ ಒಬ್ಬರು ಹಲಸು ಅನ್ನುತ್ತಾರೆ, ಒಬ್ಬರು ಪೆಲಕಾಯಿ, ಒಬ್ಬರು ಚಕ್ಕ, ನಮ್ಮ ಮನೆಯಲ್ಲಿ ಪೊಣೊಸ್. ಹಣ್ಣು ಯಾವುದಕ್ಕೂ ಬೇಡ ಅಂದಿಲ್ಲ. 1956ರ ನವೆಂಬರ್ 1ರಂದು ನಮ್ಮ ನೆಲ ಕೇರಳಕ್ಕೆ ಸೇರಿದ ಮೇಲೆ ಭಾಷೆಯ ಜಗಳದಲ್ಲೇ ನಮ್ಮ ಅರ್ಧ ಶಕ್ತಿ ಹೋಯಿತು. ಆ ನೋವು ಸುಳ್ಳಲ್ಲ. ಆದರೆ ಚಿತ್ರ ಬಿಡಿಸಿ ಕೆಳಗೆ ಹೆಸರು ಬರೆಯುವಾಗ ನಾಲ್ಕು ಭಾಷೆಯಲ್ಲೂ ಬರೆಯುತ್ತೇನೆ. ಗೊತ್ತಿಲ್ಲದ್ದನ್ನು ಹೊಲಿಯುವ ಬಾಯಿಗೋ ಹಾಲಿನವರಿಗೋ ಕೇಳುತ್ತೇನೆ. ಮಾತಾಡಲಿಕ್ಕೆ ಒಂದು ನೆಪ ಸಿಕ್ಕಿತು.

ನಡುವೆ ಒಂದು ಹುಚ್ಚಾಟವೂ ಆಯಿತು. ಚಿತ್ರ ಸ್ವಲ್ಪ ಸುಧಾರಿಸಿತು ಅಂತ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದೆ. ಹೆರೆಮಣೆಯ ಚಿತ್ರ. ಐವತ್ತಾರು ಮಂದಿ ನೋಡಿದರು. ಇಬ್ಬರು ಹೆಬ್ಬೆರಳು ಎತ್ತಿದರು, ಒಬ್ಬರು ನನ್ನ ಅಕ್ಕ. ಆಮೇಲೆ ಮೂರು ದಿನ ನಾನು ಬಿಡಿಸಿದ್ದು ಸ್ಟೇಟಸ್‌ಗೆ. ಯಾವುದು ಚೆಂದ ಕಾಣಿಸುತ್ತದೆ ಅಂತ ಹುಡುಕಿ ಹುಡುಕಿ ಬಿಡಿಸಿದೆ. ಬೇಳದ ಶೋಕಮಾತೆಯ ಇಗರ್ಜಿಯನ್ನೂ ಬಿಡಿಸಲು ಹೋದೆ. 1890ರಲ್ಲಿ ಕಟ್ಟಿದ ಇಗರ್ಜಿ, ಗಾಥಿಕ್ ಶೈಲಿ, ಮೇಲೆ ಹೋದಂತೆ ಚೂಪಾಗುವ ಕಮಾನು. ಫೋಟೋ ನೋಡಿ ಬಿಡಿಸಿದೆ, ಅದೂ ರಬ್ಬರಿನಲ್ಲಿ ಒರೆಸಿ ಒರೆಸಿ. ಕೈಯಲ್ಲಿ ಸುಖ ಇರಲಿಲ್ಲ. ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ ಅಂತ ಯೇಸು ಹೇಳಿದ್ದು ದಾನದ ಬಗ್ಗೆ. ಆದರೆ ಹೊಸದಾಗಿ ಕಲಿಯುವವನ ಕೈಗೂ ಅದು ಒಳ್ಳೆಯ ಮಾತು. ಸ್ಟೇಟಸ್ ನಿಲ್ಲಿಸಿದೆ.

ಆ ವರ್ಷ ಮೊಂತಿ ಫೆಸ್ತ್‌ಗೆ ಇನ್ನೊಂದು ಸಣ್ಣ ಕೆಲಸ ಮಾಡಿದೆ. ಸೆಪ್ಟೆಂಬರ್ 8, ಮಾತೆ ಮರಿಯಳ ಹುಟ್ಟುಹಬ್ಬ. ಅದಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲಮರಿಯಳಿಗೆ ಅರ್ಪಿಸುತ್ತಾರೆ. ಬೇಲಿಯ ದಾಸವಾಳ, ಗುಡ್ಡದ ಕೇಪುಳ, ಗದ್ದೆ ಬದಿಯ ತುಂಬೆ, ಸಿಕ್ಕಿದ್ದೆಲ್ಲ. ಮೀಸೆ ಮೂಡಿದ ಕೂಡಲೇ ಹುಡುಗರು ಬುಟ್ಟಿ ಹಿಡಿಯುವುದನ್ನು ಬಿಡುತ್ತಾರೆ. ಆಮೇಲೆ ಹಿಂದೆ ಕೈಕಟ್ಟಿ ನಿಲ್ಲುವುದು. ನಾನೂ ಹಾಗೇ ನಿಂತಿದ್ದೆ. ಆ ವರ್ಷ ಬೆಳಿಗ್ಗೆ ಬೇಗ ಎದ್ದು ನಾನೇ ಹೂ ಕೊಯ್ದು ತೆಗೆದುಕೊಂಡು ಹೋದೆ. ವಾಳೆಯ ಮುಖ್ಯಸ್ಥರಾದ ಗುರ್ಕಾರರು "ಮಗಳಿಗೆ ಹುಷಾರಿಲ್ವಾ?" ಅಂತ ಕೇಳಿದರು. ಹುಷಾರಿದ್ದಾಳೆ, ಇದು ನನ್ನದು ಅಂದೆ. ಅವರಿಗೆ ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ. ನನಗೂ.

ಹೊಸ ಭತ್ತದ ತೆನೆ ಆಶೀರ್ವದಿಸಿ ಮನೆಮನೆಗೆ ಹಂಚುವ ಹಬ್ಬ ಅದು. ಈಗ ನಮ್ಮ ಸುತ್ತಮುತ್ತ ಗದ್ದೆಯೇ ಕಮ್ಮಿ, ಹೆಚ್ಚಿನದೆಲ್ಲ ತೋಟವಾಗಿದೆ. ತೆನೆಯನ್ನು ಎಲ್ಲಿಂದಲೋ ಹುಡುಕಿ ತರಬೇಕು. ಇದನ್ನು ಬರೆಯಹೊರಟರೆ ಬೇರೆಯೇ ಲೇಖನವಾಗುತ್ತದೆ, ಬಿಡಿ.

ಪುರ್ಸೊತ್ತಿನ ವಿಷಯಕ್ಕೆ ಬಂದರೆ ನಮ್ಮ ಊರಲ್ಲೇ ಉದಾಹರಣೆಗೆ ಬರಗಾಲ ಇಲ್ಲ. ಪೆರಡಾಲದ ಕಯ್ಯಾರ ಕಿಞ್ಞಣ್ಣ ರೈಗಳು ಮೇಷ್ಟ್ರಾಗಿದ್ದರು, ಹೋರಾಟದಲ್ಲಿದ್ದರು, ತೋಟದಲ್ಲಿ ಮೈಮುರಿದು ದುಡಿದ ಕೃಷಿಕರೂ ಹೌದು. ಕವಿತೆ ಇದೆಲ್ಲದರ ನಡುವೆ ಬಂದದ್ದು. 1915ರಲ್ಲಿ ಹುಟ್ಟಿ 2015ರ ತನಕ, ನೂರು ವರ್ಷ ಬಾಳಿದರು. ಮಂಜೇಶ್ವರದ ಗೋವಿಂದ ಪೈಗಳದ್ದು ಇನ್ನೊಂದು ಥರದ ಧೈರ್ಯ. ಆದಿಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಆಗಿರುವುದು, ಇಲ್ಲದಿದ್ದರೆ ಅದು ಪದ್ಯವೇ ಅಲ್ಲ ಅಂತ ಕನ್ನಡ ಗಟ್ಟಿಯಾಗಿ ನಂಬಿದ್ದ ಕಾಲದಲ್ಲಿ, 1911ರಲ್ಲಿ, 28ರ ವಯಸ್ಸಿನಲ್ಲಿ ಪ್ರಾಸ ಬಿಟ್ಟು ಬರೆದರು. ಎದ್ದು ನಿಂತು ನಗುವವರು ಆಗಲೂ ಇದ್ದಿರಬೇಕು. ಅದೇ ಪೈಗಳು ಮುಂದೆ 'ಗೊಲ್ಗೊಥಾ' ಬರೆದರು, ಯೇಸುವಿನ ಕೊನೆಯ ದಿನದ ಬಗ್ಗೆ ಒಂದು ಖಂಡಕಾವ್ಯ. ಅವರು ಕ್ರೈಸ್ತರಲ್ಲ. ವಾರವಾರ ಇಗರ್ಜಿಗೆ ಹೋಗುವ ನಾನು ಅದೇ ಶಿಲುಬೆಯ ಹಾದಿಯನ್ನು ಈಸ್ಟರಿಗೆ ಮುಂಚಿನ ಪ್ರತಿ ತಪಸ್ಸುಕಾಲದಲ್ಲಿ ಬಾಯಿಪಾಠದಂತೆ ಹೇಳಿ ಮುಗಿಸುತ್ತೇನೆ. ಅವರು ಪರರ ಕಥೆ ಅಂತ ಬಿಡದೆ ಅದರೊಳಗೆ ಕೂತು, ಒಂದೊಂದು ಸಾಲು ಕಟ್ಟಿದರು. ಪೈಗಳ ಗಿಳಿವಿಂಡು ಸ್ಮಾರಕದ ಎದುರು ಬಸ್ಸಿನಲ್ಲಿ ಹಾದುಹೋಗುವಾಗಲೆಲ್ಲ ನನಗೆ ಸ್ವಲ್ಪ ನಾಚಿಕೆಯಾಗುತ್ತದೆ.

ಎಲ್ಲ ದಿನವೂ ಚೆನ್ನಾಗಿ ನಡೆಯುತ್ತದೆ ಅಂತ ಅಂದುಕೊಳ್ಳಬೇಡಿ. ಡೈರಿಯಲ್ಲಿ ಖಾಲಿ ಪುಟಗಳೂ ಇವೆ. ಅಪ್ಪ ಆಸ್ಪತ್ರೆಯಲ್ಲಿದ್ದ ಹನ್ನೊಂದು ದಿನ ಒಂದು ಗೆರೆಯೂ ಇಲ್ಲ. ಮಾರ್ಚ್ ಕೊನೆಯಲ್ಲಿ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ ಇರುವುದೆಲ್ಲ ಗೀಚು. ಇದನ್ನು ಹರಕೆಯ ಹಾಗೆ ಮಾಡಿಕೊಂಡರೆ ಕೆಟ್ಟಿತು. ತಪ್ಪಿದರೆ ಪಾಪ, ತಪ್ಪದಿದ್ದರೆ ಪುಣ್ಯ ಅಂತ ಲೆಕ್ಕ ಇಡಲು ಶುರು ಮಾಡಿದರೆ ನನ್ನೊಳಗಿನ ಗುಮಾಸ್ತ ಗೆದ್ದ ಹಾಗೆ.

ಇಂಥ ಒಂದು ದಿನ ಆದಿಕಾಂಡದ ಮೊದಲ ಅಧ್ಯಾಯವನ್ನು ಸುಮ್ನೆ ಓದುತ್ತಾ ಒಂದು ಸಂಗತಿ ಗಮನಿಸಿದೆ. ದೇವರು ಆರು ದಿನ ಕೆಲಸ ಮಾಡುತ್ತಾನೆ. ಮಾಡಿದ್ದನ್ನು ನೋಡಿ 'ಒಳ್ಳೆಯದು' ಅಂತ ಕಂಡದ್ದು ಏಳು ಸಲ ಬರುತ್ತದೆ. ಮೊದಲ ದಿನ ಬೆಳಕಿಗೆ ಬರುತ್ತದೆ, ಆ ಬೆಳಕಲ್ಲಿ ನೋಡುವವರು, ಅದನ್ನು ಉಪಯೋಗಿಸುವವರು ಯಾರೂ ಇನ್ನೂ ಹುಟ್ಟಿಲ್ಲ. ಮೂರನೇ ದಿನ ಎರಡು ಸಲ ಬರುತ್ತದೆ. ಎರಡನೇ ದಿನ ಇಲ್ಲ. ನಾನು ತಪ್ಪಿ ಓದಿದೆನೋ ಅಂತ ಬೆರಳಿಟ್ಟು ಮತ್ತೆ ಓದಿದೆ. ಇಲ್ಲ. ಮೇಲಿನ ನೀರು ಕೆಳಗಿನ ನೀರು ಬೇರೆಯಾಯಿತು, ಆಕಾಶ ಅಂತ ಹೆಸರಿಟ್ಟಾಯಿತು, ಸಂಜೆಯಾಯಿತು, ಬೆಳಗಾಯಿತು. ಅಷ್ಟೇ. ಪಂಡಿತರು ಇದಕ್ಕೆ ನಾನಾ ಕಾರಣ ಹೇಳುತ್ತಾರೆ. ನೀರಿನ ಕೆಲಸ ಮೂರನೇ ದಿನಕ್ಕೆ ಮುಗಿದದ್ದು, ಅದಕ್ಕೇ ಅಲ್ಲಿ ಎರಡು ಸಲ ಅನ್ನುವುದು ಒಂದು. ಇರಬಹುದು. ನನಗೆ ಖುಷಿಯಾದದ್ದು ಬೇರೆ ಕಾರಣಕ್ಕೆ. ಯೆಹೂದ್ಯರ ಲೆಕ್ಕದಲ್ಲಿ ವಾರದ ಎರಡನೇ ದಿನ ಅಂದರೆ ಸೋಮವಾರ. ಒಳ್ಳೆಯದು ಅನ್ನಿಸಿಕೊಳ್ಳದ ಸೋಮವಾರ ದೇವರಿಗೂ ಒಂದಿತ್ತು.

ಈಗ ನಕ್ಷತ್ರ ಪ್ರತಿ ವರ್ಷ ಮನೆಯಲ್ಲೇ ಆಗುತ್ತದೆ. ಮೊದಲನೆಯದನ್ನು ಅಟ್ಟದಲ್ಲಿ ಇಟ್ಟಿದ್ದೇನೆ. ಕಾಗದವನ್ನು ಇಲಿ ತಿಂದಿದೆ, ಕಟ್ಟು ಗಟ್ಟಿಯಿದೆ. ಗೋದಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯ, ಕೆಲಸ ಪೂರ್ತಿ ಮಗಳದ್ದು. ಡಿಸೆಂಬರ್ ಹತ್ತು ಹನ್ನೆರಡಕ್ಕೆ ತೆಂಗಿನ ಗೆರಟೆಯಲ್ಲಿ ಭತ್ತ ಬಿತ್ತುತ್ತಾಳೆ. ಹಬ್ಬದ ಹೊತ್ತಿಗೆ ಬೆರಳುದ್ದದ ಹಸಿರು ಗದ್ದೆ ರೆಡಿ. ಸಿಮೆಂಟ್ ಚೀಲದ ಕಾಗದ ಮುದ್ದೆ ಮಾಡಿ ಗುಡ್ಡ, ಕೆಂಪುಕಲ್ಲಿನ ಗೋಡೆಯಿಂದ ಕೆತ್ತಿ ತಂದ ಪಾಚಿ. ಕಳೆದ ವರ್ಷ ಬೆತ್ಲೆಹೇಮಿನಲ್ಲಿ ಅಡಿಕೆ ಒಣಹಾಕಿದ ಅಂಗಳವೂ ಇತ್ತು, ಮೇಲೆ ನೀಲಿ ಟರ್ಪಾಲಿನ ತುಂಡು. ಮೂರು ಜ್ಞಾನಿಗಳಲ್ಲಿ ಒಬ್ಬರು ಅದನ್ನು ತುಳಿಯುವ ಹಾಗೆ ನಿಂತಿದ್ದರು. ಅಪ್ಪ ಅದನ್ನು ನೋಡಿ ನಕ್ಕು ನಕ್ಕು ಕೆಮ್ಮಿದರು.

ಈ ಸಲ ದೀಪಾವಳಿಗೆ ಹದಿನೈದು ದಿನ ಇರುವಾಗ ಬೇಲಿಯಾಚೆಯವರು ಹಾಲಿನ ಕ್ಯಾನು ಕೆಳಗಿಟ್ಟು ಸ್ವಲ್ಪ ಹೊತ್ತು ಹಾಗೇ ನಿಂತರು. ಮೊಮ್ಮಗ ಬೆಂಗಳೂರಿಂದ ಬರುತ್ತಾನಂತೆ. ಗೂಡುದೀಪ ಬೇಕಂತೆ, ಅಂಗಡಿಯದ್ದು ಬೇಡವಂತೆ. "ನೀವು ಒಂದು ಕಟ್ಟಿಕೊಡ್ತೀರಾ ಪೊರ್ಬುಲೆ? ನಕ್ಷತ್ರದ್ದೇ ಕೈ ಅಲ್ವಾ?"

ಗೂಡುದೀಪಕ್ಕೆ ಎಂಟು ಮೂಲೆ, ಕೆಳಗೆ ಬಾಲ, ಲೆಕ್ಕ ಪೂರ್ತಿ ಬೇರೆ. ನಾನು ಯಾವತ್ತೂ ಮಾಡಿದವನಲ್ಲ. ಆಗುವುದಿಲ್ಲ ಅನ್ನಲು ಬಾಯಿ ತೆರೆದೆ, ಪುರ್ಸೊತ್ತಿಲ್ಲ ಅನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. "ನೋಡುವ" ಅಂದುಬಿಟ್ಟೆ.

ಅವತ್ತು ಸಂಜೆ ಅಂಗಳದಲ್ಲಿ ಹೊಸ ಸೀಳುಗಳನ್ನು ಹಾಸಿ, ಅಳತೆ ಹಾಕಿ, ಪೆನ್ಸಿಲಿನಲ್ಲಿ ಗುರುತು ಮಾಡಿ ಕತ್ತಿ ಎತ್ತಿಕೊಂಡೆ. ಕೆಳಗಿಟ್ಟೆ. ಶಿಲುಬೆಯ ಗುರುತು ಮಾಡಿದೆ. ಜಗಲಿಯಿಂದ ಅಪ್ಪ, "ಎಂತ, ಗೂಡುದೀಪಕ್ಕೂ ಪ್ರಾರ್ಥನೆಯಾ?" ಅಂತ ಕೇಳಿದರು.

"ಹೆದರಿಕೆ" ಅಂದೆ.

"ಹ್ಞಾಂ, ಹಾಗಾದರೆ ಸರಿ. ಅಳತೆ ಇನ್ನೊಮ್ಮೆ ನೋಡು" ಅಂದರು.